ಮೂಲೆಯಲ್ಲಿರುವ ಹಳೇ ಕಂಪ್ಯೂಟರ್ ಸಂಘದ ಲೆಕ್ಕಕ್ಕೆ ಬರಲಿ



ನಮ್ಮ ಒಕ್ಕೂಟದ ಕಚೇರಿಯಲ್ಲಿ ದಾನಿಗಳೊಬ್ಬರು ಕೊಟ್ಟ ಕಂಪ್ಯೂಟರ್ ಹಳೇ ಸೀರೆ ಹೊದ್ದು ವರ್ಷಗಟ್ಟಲೆ ಮೂಲೆಯಲ್ಲಿ ಕೂತಿತ್ತು. "ಗುಜರಿಗೆ ಹಾಕೋಣ ಸಿಸ್ಟರ್" ಅಂತ ಎಲ್ಲರೂ ಹೇಳುತ್ತಿದ್ದರು. ನಾವೂ ಹಾಕಿಬಿಡುತ್ತಿದ್ದೆವೋ ಏನೋ, ಅಷ್ಟರಲ್ಲಿ ಒಂದು ಸಂಘದ ಸದಸ್ಯೆ ಪಾಸ್ ಪುಸ್ತಕ ಹಿಡಿದು ಬಂದರು. "ಅಸಲು ತಿಂಗಳಿಗೆ 600 ರೂಪಾಯಿ ಕಟ್ತಾ ಇದೀನಿ, ಬಡ್ಡಿ ಮಾತ್ರ 120ರಿಂದ ಇಳೀಲೇ ಇಲ್ವಲ್ಲ?" ಅಂದರು.

ಅವರ ಸಾಲ 6,000 ರೂಪಾಯಿ, ಹತ್ತು ಕಂತು. ಉಳಿದ ಅಸಲಿನ ಮೇಲೆ ಮಾತ್ರ ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಎಂದು ನಡಾವಳಿ ಪುಸ್ತಕದಲ್ಲಿ ಸಂಘವೇ ಠರಾವು ಬರೆದಿತ್ತು. ಆ ಹಳೇ ಕಂಪ್ಯೂಟರನ್ನು ಚಾಲು ಮಾಡಿ, ಒಂದು ಸಾಲಿನಲ್ಲಿ ಬಾಕಿ ಅಸಲು, ಪಕ್ಕದ ಸಾಲಿನಲ್ಲಿ ಅದನ್ನು 0.02ರಿಂದ ಗುಣಿಸುವ ಸೂತ್ರ ಹಾಕಿದೆವು. ಮೊದಲ ತಿಂಗಳು 120, ಎರಡನೇದಕ್ಕೆ 108, ಆಮೇಲೆ 96, ಹೀಗೆ ಇಳಿಯುತ್ತಾ ಕೊನೇ ತಿಂಗಳಿಗೆ 12. ಒಟ್ಟು ಬಡ್ಡಿ 660. ಪುಸ್ತಕದ ಪ್ರಕಾರ ಅವರು ಕಟ್ಟಬೇಕಾಗಿದ್ದದ್ದು 1,200. ವ್ಯತ್ಯಾಸ 540 ರೂಪಾಯಿ!

ಲೆಕ್ಕ ಬರೆಯುವ ಸಹೋದರಿ ಮೋಸ ಮಾಡಿರಲಿಲ್ಲ. ಪೂರ್ತಿ ಸಾಲದ ಮೇಲೆ ಬಡ್ಡಿ ಹಾಕುವುದೇ ಅವರಿಗೆ ಗೊತ್ತಿದ್ದ ರೀತಿ. ಆ ಪುಸ್ತಕವನ್ನು ಪರಿಶೀಲಿಸಿ ಸಹಿ ಹಾಕಿದವರು ನಾವೇ, ನಮಗೂ ಕಾಣಲಿಲ್ಲ. ಹೆಚ್ಚಿಗೆ ಕಟ್ಟಿದ್ದನ್ನು ಸಂಘ ಮುಂದಿನ ಕಂತುಗಳಲ್ಲಿ ಹೊಂದಿಸಿಕೊಟ್ಟಿತು. ಆಮೇಲೆ ಉಳಿದ ಸದಸ್ಯೆಯರೂ ತಮ್ಮ ತಮ್ಮ ಪಾಸ್ ಪುಸ್ತಕ ತಂದು ಪರದೆಯ ಮುಂದೆ ಕೂತರು. ಲೆಕ್ಕ ಒಬ್ಬರ ಕೈಯಲ್ಲಿದ್ದರೆ ಉಳಿದವರು ಕೇಳುವುದಕ್ಕೂ ಹೆದರುತ್ತಾರೆ. ಪರದೆಯ ಮೇಲೆ ಎಲ್ಲರಿಗೂ ಕಾಣುತ್ತೆ.

ನಿಮ್ಮಲ್ಲೂ ಇಂಥದೊಂದು ಯಂತ್ರವಿದ್ದರೆ ಹೀಗೆ ಮಾಡಿ. ಪ್ಲಗ್ ತೆಗೆದು, ಡಬ್ಬದ ಒಳಗಿನ ಧೂಳನ್ನು ಮೆತ್ತನೆ ಬ್ರಷ್‌ನಿಂದ ಒರೆಸಿ. (ದಪ್ಪ ಟೀವಿಯಂಥ ಮಾನಿಟರನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ವಿದ್ಯುತ್ ಉಳಿದಿರುತ್ತದೆ.) ಪ್ರತಿ ಸಲ ಚಾಲು ಮಾಡಿದಾಗಲೂ ತಾರೀಕು ಹಳೇ ವರ್ಷಕ್ಕೆ ಹೋಗುತ್ತಿದ್ದರೆ ಗಾಬರಿ ಬೇಡ. ಒಳಗಿನ ಗುಂಡಿಯಂಥ ಸಣ್ಣ ಬ್ಯಾಟರಿ ಸತ್ತಿರುತ್ತೆ, ಬದಲಾಯಿಸಿದರೆ ಸಾಕು. ಲೆಕ್ಕ ಬರೆಯುವವರಿಗೆ ತಾರೀಕು ಸರಿಯಿರಲೇಬೇಕು. ಲೆಕ್ಕದ ಹಾಳೆಗೆ ಲಿಬ್ರೆ ಆಫೀಸ್ ಉಚಿತವಾಗಿ ಸಿಗುತ್ತದೆ. ಕನ್ನಡ ಅಕ್ಷರಕ್ಕೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವಿದೆ. ಯಂತ್ರ ತೀರಾ ನಿಧಾನವಿದ್ದರೆ ಹಳೇ ಕಂಪ್ಯೂಟರಿಗೆಂದೇ ಮಾಡಿದ ಹಗುರವಾದ ಲಿನಕ್ಸ್ ಹಾಕಿಸಬಹುದು, ಅದಕ್ಕೂ ದುಡ್ಡಿಲ್ಲ. ಕಾಲೇಜಿಗೆ ಹೋಗುವ ಮಗನೋ ಮಗಳೋ ಮನೆಯಲ್ಲಿದ್ದರೆ ಅವರನ್ನೇ ಕೂರಿಸಿ.

ಒಂದು ಎಚ್ಚರಿಕೆ. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ ಕಂಪನಿಯ ರಕ್ಷಣೆ ನಿಂತಿದೆ. ಅಂಥ ಯಂತ್ರಕ್ಕೆ ಇಂಟರ್ನೆಟ್ ಜೋಡಿಸಬೇಡಿ, ಬ್ಯಾಂಕಿನ ಪಾಸ್‌ವರ್ಡ್ ಅದರಲ್ಲಿ ಒತ್ತಲೇಬೇಡಿ. ಲೆಕ್ಕಕ್ಕೆ ಇಂಟರ್ನೆಟ್ ಬೇಕೇ ಇಲ್ಲ. ಹಪ್ಪಳ, ಉಪ್ಪಿನಕಾಯಿ ಪ್ಯಾಕೆಟ್ಟಿನ ಚೀಟಿಗೂ, ಪಂಚಾಯಿತಿಗೆ ಕೊಡುವ ಅರ್ಜಿಗೂ, ಮಕ್ಕಳು ಕನ್ನಡ ಟೈಪಿಂಗ್ ಕಲಿಯುವುದಕ್ಕೂ ಬೇಡ.

ಕಾಗದದ ಪುಸ್ತಕ ಬರೆಯುವುದನ್ನು ನಿಲ್ಲಿಸಬೇಡಿ. ಹಳೇ ಯಂತ್ರ ಯಾವ ದಿನ ಕೈಕೊಡುತ್ತೋ ಹೇಳಲಾಗದು. ಪ್ರತಿ ಸಭೆಯ ನಂತರ ಲೆಕ್ಕವನ್ನು ಎರಡು ಪೆನ್ ಡ್ರೈವ್‌ಗೆ ಹಾಕಿ, ಒಂದನ್ನು ಅಧ್ಯಕ್ಷೆ, ಇನ್ನೊಂದನ್ನು ಕಾರ್ಯದರ್ಶಿ ಇಟ್ಟುಕೊಳ್ಳಲಿ.

ಪೂರ್ತಿ ಕೆಟ್ಟುಹೋದ ಮೇಲೆ ಮೊದಲು ಹಾರ್ಡ್ ಡಿಸ್ಕ್ ತೆಗೆಸಿ ಇಟ್ಟುಕೊಳ್ಳಿ, ಅದರಲ್ಲಿ ಎಲ್ಲರ ಸಾಲ, ಉಳಿತಾಯದ ವಿವರ ಇರುತ್ತದೆ. ತಂತಿಗಳನ್ನು ತಾಮ್ರಕ್ಕಾಗಿ ಸುಡಬೇಡಿ, ಆ ಹೊಗೆ ವಿಷ. ದಪ್ಪ ಮಾನಿಟರಿನ ಗಾಜಿನಲ್ಲಿ ಸೀಸವಿದೆ, ಒಡೆದು ಹಿತ್ತಲಿಗೆ ಎಸೆಯುವಂತಿಲ್ಲ. ನೋಂದಾಯಿತ ಇ-ತ್ಯಾಜ್ಯದವರಿಗೇ ಕೊಡಬೇಕು. ನಿಮ್ಮ ಸಂಘದಲ್ಲಿ ಅಂಥ ಸಾಮಾನಿದ್ದರೆ ಮುಂದಿನ ಒಕ್ಕೂಟದ ಸಭೆಗೆ ಬರುವಾಗ ತಿಳಿಸಿ, ಎಲ್ಲಾ ಸಂಘಗಳದ್ದನ್ನೂ ಸೇರಿಸಿ ಒಂದೇ ಗಾಡಿಯಲ್ಲಿ ಕಳಿಸೋಣ.