ಇಂದಿನ ಧಮ್ಮ ಚಿಂತನೆ: ಹಡಗಿನ ಸದ್ದು ಮತ್ತು ಮೊದಲ ಶೀಲ



ಯಳಂದೂರಿನ ತರಗತಿಯಲ್ಲಿ ಒಬ್ಬ ತಾಯಿ ಕೇಳಿದರು: "ಕೊಲ್ಬೇಕು ಅನ್ನೋ ಮನಸ್ಸೇ ಇಲ್ದೆ ಒಂದು ಜೀವಕ್ಕೆ ನೋವಾದ್ರೆ ಶೀಲ ಮುರ್ದಂಗೆ ಆಯ್ತದಾ?" ನಾನು ಚಕ್ಖುಪಾಲ ಥೇರರ ಕಥೆ ಹೇಳಿದೆ. ಕಣ್ಣು ಕಾಣದ ಅವರ ಕಾಲಡಿ ಹುಳುಗಳು ಸತ್ತವು. ಕೊಲ್ಲುವ ಚೇತನಾ, ಅಂದರೆ ಉದ್ದೇಶ ಇರಲಿಲ್ಲವಾದ್ದರಿಂದ ದೋಷವಿಲ್ಲ ಎಂದರು ಭಗವಾನರು. ಆದರೆ ಪ್ರಶ್ನೆ ಅಲ್ಲಿಗೇ ಮುಗಿಯುವುದಿಲ್ಲ.

ನಮ್ಮ ಜಿಲ್ಲೆಯ ಕರಿಕಲ್ಲು ಹೊರದೇಶಕ್ಕೆ ಹೋಗುವುದು ಹಡಗಿನಲ್ಲಿ. ನಮ್ಮ ಅಂಗಡಿಗಳ ಪಾಮ್ ಎಣ್ಣೆ ಬರುವುದೂ ಹಡಗಿನಲ್ಲೇ. ಹಡಗಿನಡಿಯ ಫ್ಯಾನಿನಂಥ ರೆಕ್ಕೆ ಜೋರಾಗಿ ತಿರುಗಿದಾಗ ನೀರಲ್ಲಿ ಗುಳ್ಳೆಗಳೆದ್ದು ಒಡೆಯುತ್ತವೆ. ಆ ಸದ್ದು ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದರ ನಾಲ್ಕು ಪಟ್ಟಿಗೂ ಹೆಚ್ಚು. ಕಡಲಾಳಕ್ಕೆ ಬೆಳಕು ಇಳಿಯದು, ಹಾಗಾಗಿ ತಿಮಿಂಗಿಲ, ಡಾಲ್ಫಿನ್‌ಗಳಿಗೆ ಕಿವಿಯೇ ಕಣ್ಣು. ಡಾಲ್ಫಿನ್ ತಾನೇ ಟಿಕ್ ಟಿಕ್ ಸದ್ದು ಮಾಡಿ, ಅದರ ಮರುದನಿಯಿಂದ ಮೀನು ಎಲ್ಲಿದೆ ಎಂದು ತಿಳಿಯುತ್ತದೆ. ನಮ್ಮ ಕಾರವಾರದ ಕಡಲಂಚಿನಲ್ಲೂ ಡಾಲ್ಫಿನ್‌ಗಳಿವೆ. ಹಡಗಿನ ಗದ್ದಲದಲ್ಲಿ ಒಂದರ ಕೂಗು ಇನ್ನೊಂದಕ್ಕೆ ಕೇಳಿಸದೆ ಹೋಗುತ್ತದೆ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ಇಳಿಯಿತು, ನೀರೊಳಗಿನ ಸದ್ದು 6 ಡೆಸಿಬಲ್ ತಗ್ಗಿತು. ಅಲ್ಲಿ ವಿಜ್ಞಾನಿಗಳು ತಿಮಿಂಗಿಲದ ಲದ್ದಿ ಸಂಗ್ರಹಿಸುತ್ತಿದ್ದರು (ವಾಸನೆ ಹಿಡಿದು ಹುಡುಕಲು ನಾಯಿಗಳಿಗೆ ತರಬೇತಿ ಕೊಟ್ಟಿದ್ದರು!). ಪರೀಕ್ಷಿಸಿದರೆ, ಆ ದಿನಗಳಲ್ಲಿ ಒತ್ತಡದ ಹಾರ್ಮೋನು ಕಡಿಮೆಯಾಗಿತ್ತು. ಈ ಫಲಿತಾಂಶ 2012ರಲ್ಲಿ ಪ್ರಕಟವಾಯಿತು.

ಚಕ್ಖುಪಾಲರಿಗೆ ಹುಳು ಕಾಣುತ್ತಿರಲಿಲ್ಲ. ನಮಗೆ ಕಾಣುತ್ತಿದೆ. ಗೊತ್ತಾದ ಮೇಲೂ ಹಾಗೇ ಮುಂದುವರಿದರೆ 'ಉದ್ದೇಶ ಇರಲಿಲ್ಲ' ಎಂಬ ಮಾತು ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಭಂತೇಜಿಯವರು ಬೇರೆ ಹೇಳಿದರೆ ಕೇಳುತ್ತೇನೆ.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ಬಿಡಿಸಿ ಹೇಳುತ್ತಾರೆ. ಇಲ್ಲಿ ಅಷ್ಟು ಸದ್ದಿನ ಅಗತ್ಯವೂ ಇಲ್ಲ. ಕ್ವಾರಿ ಮುಚ್ಚಬೇಕಿಲ್ಲ, ಯಾರ ಕೂಲಿಯೂ ಹೋಗಬೇಕಿಲ್ಲ, ಹಡಗು ನಿಧಾನವಾದರೆ ಸಾಕು. ಕೆನಡಾದ ವ್ಯಾಂಕೂವರ್ ಬಂದರಿನವರು 2017ರಿಂದ ತಿಮಿಂಗಿಲಗಳಿರುವ ಕಡೆ ವೇಗ ಇಳಿಸಲು ಹಡಗುಗಳನ್ನು ಕೋರುತ್ತಿದ್ದಾರೆ. ಕಡ್ಡಾಯವಲ್ಲ, ಆದರೂ ಹೆಚ್ಚಿನವು ಒಪ್ಪುತ್ತಿವೆ, ಸದ್ದೂ ತಗ್ಗಿದೆ.

ಸಾಮ್ರಾಟ್ ಅಶೋಕರ 5ನೇ ಸ್ತಂಭ ಶಾಸನದಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿಯಿದೆ. ಅದರಲ್ಲಿರುವ 'ಗಂಗಾ ಪುಪುಟಕ' ಗಂಗೆಯ ಡಾಲ್ಫಿನ್ ಎಂದು ಹಲವು ವಿದ್ವಾಂಸರ ಮತ.

ಈ ಭಾನುವಾರ ಕೊಳ್ಳೇಗಾಲದಲ್ಲಿ ಇದೇ ಶೀಲದ ಮುಂದಿನ ಪಾಠ. ಹನೂರು ಕಡೆಯವರೂ ಬನ್ನಿ. ಕ್ವಾರಿಯಲ್ಲಿ ದುಡಿಯುವ ಅಣ್ಣಂದಿರು ತಪ್ಪಿಸಬೇಡಿ, ದಿನವಿಡೀ ಡ್ರಿಲ್ ಸದ್ದು ಕೇಳಿದ ಕಿವಿ ಏನಾಗುತ್ತದೆ ಎಂದು ನೀವೇ ಹೇಳಬೇಕು.

ಜೈಭೀಮ್.