ಗಂಡಹೆಂಡಿರು ಕೂಡಿ ಅಡುಗೆಮನೆಯನ್ನು ಹಸನುಮಾಡಿಕೊಳ್ಳುವ ಬಗೆ



ರಾಗಿಯ ಒಕ್ಕಣೆ ಮುಗಿದು ಸಂಕ್ರಾಂತಿ ಕಳೆದರೆ, ಮಳೆಯನ್ನು ನಂಬಿದ ಬೇಸಾಯಗಾರನ ಕೈ ಸ್ವಲ್ಪ ಬಿಡುವಾಗುತ್ತದೆ. ವಿದುರಾಶ್ವತ್ಥದ ಸುತ್ತಮುತ್ತಲ ಹಳ್ಳಿಗಳಲ್ಲಿ ಯುಗಾದಿಗೆ ಮುಂಚೆ ಮನೆಗೆ ಸುಣ್ಣ ಬಳಿಯುವುದು ವಾಡಿಕೆ. ಜಾತ್ರೆಗೆ ನೆಂಟರಿಷ್ಟರು ಬರುತ್ತಾರೆಂದು ಜಗಲಿ, ಪಡಸಾಲೆಗಳನ್ನು ಚೊಕ್ಕಟ ಮಾಡುವುದೂ ಉಂಟು. ಆದರೆ ನೆಂಟರ ಕಣ್ಣಿಗೆ ಬೀಳದ ಅಡುಗೆಮನೆ ಮಾತ್ರ ಬಹಳ ಕಡೆ ಅಜ್ಜಿಯ ಕಾಲದಲ್ಲಿ ಹೇಗಿತ್ತೋ ಹಾಗೆಯೇ ಇರುತ್ತದೆ. ಜಂತೆಗೆ ಇಲ್ಲಣ ಜೋತುಬಿದ್ದಿರುತ್ತದೆ. ಗೋಡೆ ಮಸಿ ಹಿಡಿದಿರುತ್ತದೆ. ಗೃಹಿಣಿ ದಿನಕ್ಕೆ ಮೂರು ನಾಲ್ಕು ಗಂಟೆ ಕಳೆಯುವ ಸ್ಥಳ ಅದು. ಈ ಬಿಡುವಿನಲ್ಲಿ ಗಂಡಹೆಂಡಿರು ಇಬ್ಬರೇ ಸೇರಿ ಅದನ್ನು ಹೇಗೆ ಸರಿಪಡಿಸಿಕೊಳ್ಳಬಹುದೆಂಬುದೇ ಈ ಪಾಠದ ವಿಷಯ.

“ಗ್ಯಾಸು ಬಂದಿದೆಯಲ್ಲ, ಇನ್ನು ಒಲೆಯ ಮಾತೇಕೆ?” ಎಂದು ಕೆಲವರು ಕೇಳಬಹುದು. ಉಜ್ವಲಾ ಯೋಜನೆ 2016ರ ಮೇ 1ರಂದು ಆರಂಭವಾದ ಮೇಲೆ ಬಡವರ ಮನೆಗೂ ಸಿಲಿಂಡರು ಬಂದದ್ದು ನಿಜ. ಬಂದದ್ದು ಒಳ್ಳೆಯದೇ, ಅನ್ನ, ಸಾರು, ಕಾಫಿಯೆಲ್ಲ ಅದರಲ್ಲಿ ಆಗುವುದಾದರೆ ಆಗಲಿ. ಆದರೆ ಹತ್ತು ಜನರ ಮುದ್ದೆಗೆ ಎಸರಿಡುವಾಗ, ಸ್ನಾನದ ನೀರು ಕಾಯಿಸುವಾಗ, ಹುರುಳಿ ಬೇಯಿಸುವಾಗ ಸೌದೆಯ ಒಲೆಗೇ ಹೋಗುವ ಮನೆಗಳು ಇಂದಿಗೂ ಹೇರಳವಾಗಿವೆ. ಮೆಕ್ಕೆಜೋಳದ ದಂಟು, ಹಿಪ್ಪುನೇರಳೆ ಕಡ್ಡಿ, ನೀಲಗಿರಿ ಸೌದೆ, ಜಾಲಿ ಮುಳ್ಳು ಇವು ಕೈಗೆ ಸಿಕ್ಕುವಾಗ ಕಾಸು ಕೊಟ್ಟು ಸಿಲಿಂಡರು ತರಲು ಮನಸ್ಸು ಹಿಂಜರಿಯುತ್ತದೆ. ಎಲ್ಲಿಯವರೆಗೆ ಒಲೆ ಉರಿಯುತ್ತದೆಯೋ ಅಲ್ಲಿಯವರೆಗೆ ಅದರ ಹೊಗೆಗೆ ದಾರಿ ಮಾಡತಕ್ಕದ್ದು.

ಹೊಗೆಯನ್ನು ನಾವು ಹಗುರವಾಗಿ ಕಾಣುತ್ತೇವೆ. ಕಣ್ಣು ಉರಿದರೆ ಸೆರಗಿನಿಂದ ಒರೆಸಿಕೊಂಡರಾಯಿತು, ಅಷ್ಟೇ. ಆದರೆ ಅದೇ ಹೊಗೆ ವರ್ಷಗಟ್ಟಲೆ ಒಳಗೆ ಹೋದರೆ ಹೆಂಗಸರಿಗೆ ಬಿಡದ ಕೆಮ್ಮು, ಉಬ್ಬಸ, ಕಣ್ಣಿನ ಪೊರೆ ಬರುವುದಕ್ಕೂ, ಮಡಿಲ ಮಕ್ಕಳಿಗೆ ನ್ಯುಮೋನಿಯಾ ಬರುವುದಕ್ಕೂ ಕಾರಣವಾಗುತ್ತದೆಂದು ವೈದ್ಯರು ಕಂಡುಕೊಂಡಿದ್ದಾರೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲೆಲ್ಲ ಸುಮಾರು 32 ಲಕ್ಷ ಜನ ಸತ್ತರೆಂದೂ, ಅವರಲ್ಲಿ 2 ಲಕ್ಷಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳೆಂದೂ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಹೊಲದಲ್ಲಿ ಔಷಧಿ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವ ಗಂಡಸು, ಮನೆಯೊಳಗೆ ಹೆಂಡತಿ ಮಕ್ಕಳು ಉಸಿರಾಡುವುದು ಏನನ್ನು ಎಂದು ಒಮ್ಮೆ ಒಲೆಯ ಮುಂದೆ ಅರ್ಧ ಗಂಟೆ ಕುಳಿತು ನೋಡಲಿ.

ಹೊಗೆಯಿಲ್ಲದ ಒಲೆಯ ಪ್ರಚಾರ ಹೊಸದೇನೂ ಅಲ್ಲ. ಸಮುದಾಯ ಅಭಿವೃದ್ಧಿ ಯೋಜನೆ 1952ರ ಅಕ್ಟೋಬರ್ 2ರಂದು ಆರಂಭವಾಯಿತು. ಅದರ ಮರುವರ್ಷವೇ ಹೈದರಾಬಾದಿನ ಇಂಜಿನಿಯರ್ ಡಾ. ಎಸ್.ಪಿ. ರಾಜು ಅವರು ಮಣ್ಣಿನಿಂದಲೇ ಕಟ್ಟಬಹುದಾದ, ಹೊಗೆಕೊಳವೆಯುಳ್ಳ ಒಲೆಯನ್ನು ಕುರಿತು ಪುಸ್ತಕ ಹೊರತಂದರು. ನಮ್ಮ ನಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರವನ್ನು ತೆರೆದರು. ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ಅದರ ಮುಂದಾಳು. ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಿನ ಹಳ್ಳಿಗಳಲ್ಲಿ ಸೌದೆಯ ಖರ್ಚೆಷ್ಟು, ಅದನ್ನು ತರುವ ದುಡಿಮೆಯೆಷ್ಟು ಎಂಬುದನ್ನು ಮನೆಮನೆಗೂ ಹೋಗಿ ಅಳೆದರು. ಮೂರು ಪಾತ್ರೆ ಕೂರುವ, ಕೆಳಗೆ ಕಂಬಿಜಾಲರಿಯುಳ್ಳ ‘ಅಸ್ತ್ರ ಒಲೆ’ 1980ರ ದಶಕದಲ್ಲಿ ಅಲ್ಲಿಂದ ಹೊರಟು ಕರ್ನಾಟಕದ ಹಳ್ಳಿಗಳಿಗೆಲ್ಲ ಹರಡಿತು. ಮೂರು ಕಲ್ಲಿನ ಒಲೆಯಲ್ಲಿ ಉರಿಯ ಹತ್ತು ಪಾಲಿನಲ್ಲಿ ಒಂದೆರಡು ಪಾಲು ಮಾತ್ರ ಪಾತ್ರೆಗೆ ಮುಟ್ಟಿದರೆ, ಈ ಒಲೆಯಲ್ಲಿ ನಾಲ್ಕು ಪಾಲಿನಷ್ಟು ಮುಟ್ಟುವುದೆಂದು ಪ್ರಯೋಗಶಾಲೆಯಲ್ಲಿ ಕಂಡುಬಂತು.

ಹಾಗಾದರೆ ಆ ಒಲೆಗಳೆಲ್ಲ ಎಲ್ಲಿ ಹೋದವು? ಇದನ್ನು ಸ್ವಲ್ಪ ಯೋಚಿಸಬೇಕು. ಕೇಂದ್ರ ಸರ್ಕಾರ 1983ರಿಂದ 2002ರವರೆಗೆ ದೇಶದಲ್ಲಿ 3 ಕೋಟಿಗೂ ಮೇಲ್ಪಟ್ಟು ಸುಧಾರಿತ ಒಲೆಗಳನ್ನು ಹಂಚಿತು. ಬಂದವರು ಕಟ್ಟಿಕೊಟ್ಟು ಹೋದರು. ಬಹಳಷ್ಟು ಒಲೆಗಳು ಬಿರುಕುಬಿಟ್ಟು, ಕೊಳವೆಯಲ್ಲಿ ಮಸಿ ಕಟ್ಟಿಕೊಂಡು ಮೂಲೆಗೆ ಬಿದ್ದವು. ಒಡಿಶಾದಲ್ಲಿ ಕೊಳವೆಯುಳ್ಳ ಮಣ್ಣಿನ ಒಲೆಗಳನ್ನು ಹಂಚಿದಾಗ ಸುಮಾರು 2,600 ಮನೆಗಳನ್ನು ನಾಲ್ಕು ವರ್ಷದವರೆಗೆ ಪರೀಕ್ಷಿಸಿದ ಅರ್ಥಶಾಸ್ತ್ರಜ್ಞರಿಗೂ ಇದೇ ಕಂಡಿತು. (ಅವರಲ್ಲಿ ಎಸ್ತರ್ ಡುಫ್ಲೊ ಎಂಬಾಕೆಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಬಂತು.) ಮೊದಲ ವರ್ಷ ಹೆಂಗಸರು ಒಳಗೆ ಎಳೆದುಕೊಳ್ಳುವ ಹೊಗೆ ಕಡಿಮೆಯಾಯಿತು, ಮುಂದೆ ಆ ಲಾಭ ಉಳಿಯಲಿಲ್ಲ. ಏತಕ್ಕೆಂದರೆ ಒಲೆಯನ್ನು ಬಳಸುವುದೂ ಕಡಿಮೆಯಾಯಿತು, ರಿಪೇರಿ ಮಾಡುವವರೂ ಇಲ್ಲವಾದರು.

ಪರರು ಕಟ್ಟಿದ ಒಲೆಯ ಒಳಗೇನಿದೆಯೆಂದು ಮನೆಯವರಿಗೆ ತಿಳಿಯದು. ತಾವೇ ಮಣ್ಣು ಕಲಸಿ ಕಟ್ಟಿದವರಿಗೆ ಎಲ್ಲಿ ಮಸಿ ಕಟ್ಟುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಎಂಬುದು ಗೊತ್ತು. ಗಂಡಹೆಂಡಿರು ಕೂಡಿಯೇ ಈ ಕೆಲಸ ಮಾಡಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿ. ಕೂಲಿಯ ಉಳಿತಾಯ ಆಮೇಲಿನ ಮಾತು.

ಇನ್ನು ಕೆಲಸಕ್ಕೆ ಬರೋಣ. ಮೊದಲು ಅಳತೆ. ಅಳತೆಯನ್ನು ಗಂಡ ತನ್ನ ಮೈಯಿಂದ ತೆಗೆದುಕೊಳ್ಳಕೂಡದು. ಅಡುಗೆ ಮಾಡುವವಳು ನಿಲ್ಲಬೇಕು, ಅವನು ಅಳೆಯಬೇಕು. ಆಕೆ ನಿಂತು ಅಡುಗೆ ಮಾಡುವವಳಾದರೆ ಪಾತ್ರೆಯ ಬಾಯಿ ಆಕೆಯ ಮೊಣಕೈಗಿಂತ ಒಂದು ಹಸ್ತದಷ್ಟಾದರೂ ಕೆಳಗಿರಬೇಕು. ಆದರೆ ಮುದ್ದೆಯ ಸಂಗತಿ ಬೇರೆ. ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು, ಹಿಟ್ಟನ್ನು ಕೋಲಿನಿಂದ ತಿರುವುವಾಗ ಇಡೀ ಮೈಯ ಭಾರ ಕೈಗೆ ಬರುತ್ತದೆ. ಅಷ್ಟು ಎತ್ತರದ ಕಟ್ಟೆಯ ಮೇಲೆ ಇದು ಆಗದು. ಪಟ್ಟಣದ ಅಡುಗೆಮನೆ ನೋಡಿ ಬಂದು ಎತ್ತರದ ಕಟ್ಟೆ ಕಟ್ಟಿದವರು ಮುದ್ದೆಯನ್ನು ಪುನಃ ಹಿತ್ತಲಿನಲ್ಲಿ ನೆಲದ ಮೇಲೆ ತಿರುವುವುದನ್ನು ಕಾಣಬಹುದು. ಆದುದರಿಂದ ಸೌದೆ ಒಲೆಯ ಕಟ್ಟೆಯನ್ನು ಒಂದರಿಂದ ಒಂದೂವರೆ ಅಡಿ ಎತ್ತರಕ್ಕೇ ನಿಲ್ಲಿಸಿ, ಗ್ಯಾಸಿನ ಕಟ್ಟೆಯನ್ನು ಬೇರೆ ಗೋಡೆಗೆ ಎತ್ತರವಾಗಿ ಮಾಡುವುದು ಲೇಸು. ನೆಲದ ಒಲೆಗಿಂತ ಒಂದಡಿ ಎತ್ತರವಾದರೂ ಅಂಬೆಗಾಲಿಡುವ ಮಗು ಕೆಂಡಕ್ಕೆ ಕೈಹಾಕುವುದು ತಪ್ಪುತ್ತದೆ.

ಎರಡನೆಯದು ಮಣ್ಣು. ಹುತ್ತದ ಮಣ್ಣು ಇದಕ್ಕೆ ಬಲು ಉತ್ತಮ; ಸಿಕ್ಕದಿದ್ದರೆ ಕೆರೆಯ ಜೇಡಿಗೆ ಕೆಮ್ಮಣ್ಣು ಬೆರೆಸಬಹುದು. ಜಿಗಟು ಹೆಚ್ಚಾಗಿದ್ದರೆ ಮರಳು, ಸಣ್ಣಗೆ ಕತ್ತರಿಸಿದ ಹುಲ್ಲು ಅಥವಾ ಭತ್ತದ ಹೊಟ್ಟು, ಸ್ವಲ್ಪ ಸಗಣಿ ಸೇರಿಸಿ ನೀರು ಹಾಕಿ ಮೂರು ನಾಲ್ಕು ದಿನ ಕೊಳೆಯಬಿಟ್ಟು, ದಿನಕ್ಕೊಮ್ಮೆ ತುಳಿಯಬೇಕು. ಒಂದು ಮುಷ್ಟಿ ತೆಗೆದು ಉಂಡೆ ಕಟ್ಟಿ ಒಣಗಿಸಿ ನೋಡಿರಿ. ಸೀಳಿದರೆ ಮರಳು ಸಾಲದು. ಬೆರಳಿಗೆ ಪುಡಿಯಾದರೆ ಜೇಡಿ ಸಾಲದು.

ಒಲೆ ಕಟ್ಟುವಾಗ ತಿಳಿದಿರಬೇಕಾದುದು ಇಷ್ಟೇ: ಉರಿಗೆ ಗಾಳಿ ಕೆಳಗಿನಿಂದ ಬರಬೇಕು, ಹೊಗೆ ಪಾತ್ರೆಗಳ ತಳವನ್ನು ಸವರಿಕೊಂಡು ಹೋಗಿ ಕೊಳವೆಯನ್ನು ಸೇರಬೇಕು, ನಡುವೆ ಎಲ್ಲಿಯೂ ಸಂದಿ ಇರಕೂಡದು. ಎರಡು ಪಾತ್ರೆಯ ಒಲೆ ಸಣ್ಣ ಸಂಸಾರಕ್ಕೆ ಸಾಕು. ಮುಂದಿನ ಬಾಯಿಗೆ ಮುದ್ದೆಯ ಪಾತ್ರೆ, ಹಿಂದಿನದಕ್ಕೆ ಸಾರಿನದು ಅಥವಾ ಬಿಸಿನೀರಿನದು. ಸೌದೆ ಇಡುವ ಬಾಯಿ ಐದಾರು ಅಂಗುಲಕ್ಕಿಂತ ಅಗಲವಾಗಬಾರದು. ಅಗಲವಾದರೆ ಸೌದೆ ತುರುಕುವ ಆಸೆ ಹೆಚ್ಚುತ್ತದೆ, ಹೊಗೆಯೂ ಅಲ್ಲಿಂದಲೇ ಹಿಂದಿರುಗುತ್ತದೆ. ಕಂಬಿಜಾಲರಿಯ ಕೆಳಗೆ ಬೂದಿಗೂ ಗಾಳಿಗೂ ಸ್ಥಳ ಬಿಡಬೇಕು. ಜಾಲರಿಯಿಂದ ಪಾತ್ರೆಯ ತಳಕ್ಕೆ ಸುಮಾರು ಆರು ಅಂಗುಲ. ಮೊದಲ ಬಾಯಿಂದ ಎರಡನೆಯದಕ್ಕೆ, ಅಲ್ಲಿಂದ ಕೊಳವೆಗೆ ಹೋಗುವ ಸುರಂಗವನ್ನು ಮಾಡಲು ಒಂದು ಬಾಳೆದಿಂಡನ್ನು ಮಣ್ಣಿನೊಳಗೆ ಹುದುಗಿಸಿ, ಮಣ್ಣು ಬಿಗಿದ ಮೇಲೆ ತಿರುಗಿಸುತ್ತ ಹೊರಕ್ಕೆ ಎಳೆದರೆ ದುಂಡಗಿನ ದಾರಿ ಉಳಿಯುತ್ತದೆ. ಎರಡನೆಯ ಬಾಯಿಯ ಕೆಳಗಣ ನೆಲವನ್ನು ಮಣ್ಣಿನಿಂದ ಎತ್ತರಿಸಿ, ಪಾತ್ರೆಯ ತಳಕ್ಕೆ ಎರಡು ಅಂಗುಲ ಮಾತ್ರ ಬಿಟ್ಟರೆ ಬಿಸಿ ವ್ಯರ್ಥವಾಗದು. ಮಣ್ಣು ಹಸಿಯಿರುವಾಗಲೇ ತಮ್ಮ ಮನೆಯ ಪಾತ್ರೆಯನ್ನೇ ನೀರಿನಲ್ಲಿ ಅದ್ದಿ ಬಾಯಿಯ ಮೇಲಿಟ್ಟು ತಿರುಗಿಸಬೇಕು. ಪಾತ್ರೆ ಒಂದಂಗುಲ ಒಳಗೆ ಕೂತರೆ ಹೊಗೆಗೆ ಸಂದಿಯಿರದು. ಈ ಕೆಲಸ ಗೃಹಿಣಿಯದೇ. ಯಾವ ಪಾತ್ರೆ ದಿನವೂ ಏರುತ್ತದೆಂದು ಆಕೆಗಲ್ಲದೆ ಬೇರೆ ಯಾರಿಗೆ ಗೊತ್ತು? ಮುದ್ದೆಯ ಬಾಯಿಯ ಸುತ್ತ ಗೋಡೆ ಆರು ಅಂಗುಲ ದಪ್ಪವಿರಲಿ, ಕೋಲಿನ ಒತ್ತಡಕ್ಕೆ ತಡೆಯಬೇಕು.

ಹೊಗೆಕೊಳವೆ ನಾಲ್ಕು ಅಂಗುಲದ ತಗಡಿನದಾಗಬಹುದು, ಸುಟ್ಟ ಮಣ್ಣಿನದಾಗಬಹುದು. ಹಳೆಯ ಕಲ್ನಾರಿನ ಕೊಳವೆಯೋ ಶೀಟೋ ಬಿದ್ದಿದೆಯೆಂದು ಅದನ್ನು ಕೊಯ್ಯಬೇಡಿರಿ, ಒಡೆಯಬೇಡಿರಿ. ಅದರ ಧೂಳು ಶ್ವಾಸಕೋಶದಲ್ಲಿ ಕೂತು ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ತರಬಲ್ಲದೆಂದು ಈಗ ತಿಳಿದಿದೆ. ಕೊಳವೆ ಮಾಡಿನಿಂದ ಎರಡು ಅಡಿ ಮೇಲಕ್ಕೆ ಹೋಗಲಿ, ತುದಿಗೆ ಮಳೆ ಬೀಳದಂತೆ ಟೋಪಿ ಇರಲಿ. ಹುಲ್ಲು ಅಥವಾ ಗರಿಯ ಮಾಡಾದರೆ ಕೊಳವೆಯನ್ನು ಅದರೊಳಗೆ ತೂರಿಸದೆ ಗೋಡೆಯಿಂದ ಹೊರತೆಗೆದು, ಮಾಡಿನಿಂದ ದೂರವಾಗಿ ಏರಿಸತಕ್ಕದ್ದು. ಕೊಳವೆಯ ಬುಡದಲ್ಲಿ ಒಂದು ಇಟ್ಟಿಗೆಯನ್ನು ಗಾರೆ ಹಾಕದೆ ಸುಮ್ಮನೆ ಮೆತ್ತಿ ಇಡಿರಿ. ಮಸಿ ತೆಗೆಯುವ ಬಾಗಿಲು ಅದೇ.

ಒಲೆಯನ್ನು ಬಿಸಿಲಿಗೆ ಒಡ್ಡದೆ ನೆರಳಿನಲ್ಲಿ ಒಂದು ವಾರ ಒಣಗಿಸಿ, ಬಿಟ್ಟ ಬಿರುಕಿಗೆ ಅದೇ ಮಣ್ಣನ್ನು ಮೆತ್ತಿ, ಬಳಿಕ ಎರಡು ದಿನ ಪುಳ್ಳೆಯ ಸಣ್ಣ ಉರಿ ಮಾತ್ರ ಹಾಕಬೇಕು. ಅಲ್ಲಿಯವರೆಗೆ ಅಡುಗೆ ಹಿತ್ತಲಿನ ಮೂರು ಕಲ್ಲಿನ ಮೇಲೆಯೇ. ಈ ದಿನಗಳಲ್ಲಿ ಹೆಂಗಸಿಗೆ ಕೆಲಸ ಇಮ್ಮಡಿಯಾಗುತ್ತದೆಯಾಗಿ ನೀರು ಹೊರುವುದನ್ನು ಗಂಡಸು ವಹಿಸಿಕೊಳ್ಳಲಿ. ಒಲೆ ಸರಿಯಾಗಿದೆಯೇ ಎಂದು ತಿಳಿಯಲು ಉರಿ ಹತ್ತಿದ ಮೇಲೆ ಸೌದೆ ಬಾಯಿಯ ಮುಂದೆ ಊದುಬತ್ತಿ ಹಿಡಿಯಿರಿ. ಅದರ ಹೊಗೆ ಒಳಕ್ಕೆ ಎಳೆದುಕೊಂಡರೆ ಕೊಳವೆ ಕೆಲಸ ಮಾಡುತ್ತಿದೆ. ಮುಖಕ್ಕೆ ಬಂದರೆ ಎಲ್ಲಿಯೋ ದಾರಿ ಕಟ್ಟಿದೆ, ಇಲ್ಲವೆ ಪಾತ್ರೆ ಕೂತಿಲ್ಲ.

ಒಲೆ ಒಣಗುತ್ತಿರುವಾಗ ಗೋಡೆಯ ಕೆಲಸ. ಇಲ್ಲಣವನ್ನು ಒಣಗಿದ ಹಾಗೇ ಗುಡಿಸದೆ, ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆರೆಯಬೇಕು. ಒಲೆಯ ಎದುರು ಗೋಡೆಯಲ್ಲಿ ಕಿಟಕಿಯಿಲ್ಲದಿದ್ದರೆ ಒಂದು ಇಡುವುದು ಅವಶ್ಯಕ. ಮಣ್ಣಿನ ಗೋಡೆಯನ್ನು ಮೂಲೆಯಿಂದ ಮೂರು ಅಡಿಯೊಳಗಾಗಲಿ, ತೊಲೆ ಕೂತಿರುವ ಕೆಳಗಾಗಲಿ ಒಡೆಯಕೂಡದು. ಕಿಂಡಿಯ ಮೇಲೆ ಎರಡು ಬದಿಗೂ ಮುಕ್ಕಾಲು ಅಡಿ ಚಾಚುವಂತೆ ಕಲ್ಲುಚಪ್ಪಡಿ ಕೂಡಿಸಬೇಕು. ಇದೊಂದಕ್ಕೆ ಮಾತ್ರ ಅನುಭವವಿಲ್ಲದವರು ಗಾರೆಕೆಲಸದವನನ್ನು ಅರ್ಧ ದಿನ ಕರೆದರೆ ಅವಮಾನವೇನಿಲ್ಲ. ಸುಣ್ಣ ಅರಳಿಸುವಾಗ ಮಕ್ಕಳನ್ನು ದೂರವಿಡಿರಿ; ಅದು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ.

ಗ್ಯಾಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗದೆ ನೆಲದ ಮೇಲೆ ಹರಡಿಕೊಂಡು ಒಲೆಯ ಕೆಂಡದ ಕಡೆಗೆ ಬರುತ್ತದೆ. ಎರಡನ್ನೂ ಒಂದೇ ಕೋಣೆಯಲ್ಲಿ ಇಡದಿರುವುದೇ ಮೇಲು. ಬೇರೆ ಕೋಣೆಯಿಲ್ಲದ ಮನೆಯಲ್ಲಿ ಎರಡೂ ಒಟ್ಟಿಗೆ ಉರಿಯಬಾರದು. ಸೌದೆ ಒಲೆ ಹೊತ್ತಿಸುವ ಮುಂಚೆ ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ತೆರೆದಿಡಬೇಕು. ನೆಲದ ಮಟ್ಟದಲ್ಲಿ ಹೊರಗೋಡೆಗೆ ಒಂದು ಕಿಂಡಿ ಇರಲಿ. ಸಿಲಿಂಡರು ನೆಟ್ಟಗೆ ನಿಂತಿರಬೇಕು, ಗ್ಯಾಸ್ ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಸೋರುವುದನ್ನು ಸೋಪಿನ ನೊರೆ ಹಚ್ಚಿ ಪರೀಕ್ಷಿಸಿರಿ, ಕಡ್ಡಿ ಗೀರಬೇಡಿರಿ.

ಪಾತ್ರೆ ತೊಳೆದ ನೀರು ಹಿತ್ತಲಿನಲ್ಲಿ ನಿಂತು ಸೊಳ್ಳೆಗೆ ಮನೆಯಾಗದಂತೆ ಬಾಳೆ, ಕರಿಬೇವು, ಪರಂಗಿಯ ಬುಡಕ್ಕೆ ಹರಿಸಿದರೆ ಸಾಕು. ನೀರು ಹೆಚ್ಚಾಗಿದ್ದರೆ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿಗೆ ಇಟ್ಟಿಗೆ ಚೂರು ತುಂಬಿ ಇಂಗಿಸಬಹುದು, ಬಾವಿಯಿಂದ ದೂರವಿರಲಿ. ಕುಡಿಯುವ ನೀರಿನ ಕಟ್ಟೆಯನ್ನು ಬೇರೆಯಾಗಿಯೇ ಮಾಡಿರಿ. ನಮ್ಮ ಸೀಮೆಯ ಆಳದ ಬೋರ್‌ವೆಲ್ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಇರುವುದರಿಂದ ಶುದ್ಧೀಕರಣ ಘಟಕದ ನೀರನ್ನೇ ಕುಡಿಯಲು ಇಟ್ಟುಕೊಳ್ಳಬೇಕು. ಬೋರಿನ ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಂದು ಕೆಲವರು ನಂಬಿದ್ದಾರೆ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ದಟ್ಟವಾಗುತ್ತದೆ.

ಒಲೆಯನ್ನು ಬಳಸತೊಡಗಿದ ಮೇಲೆ ಹದಿನೈದು ದಿನಕ್ಕೊಮ್ಮೆ, ತಪ್ಪಿದರೆ ತಿಂಗಳಿಗೊಮ್ಮೆ, ತಣ್ಣಗಿರುವಾಗ ಬುಡದ ಇಟ್ಟಿಗೆ ತೆಗೆದು, ಉದ್ದನೆಯ ಕೋಲಿಗೆ ಗೋಣಿಚೂರು ಕಟ್ಟಿ ಕೊಳವೆಯನ್ನು ಮೇಲಿಂದ ಕೆಳಕ್ಕೆ ಉಜ್ಜಿರಿ. ಮಾಡು ಹತ್ತುವ ಕೆಲಸ ಗಂಡಸಿನದಾಗಲಿ. ಬಿದ್ದ ಮಸಿಯನ್ನು ತಿಪ್ಪೆಗೆ ಹಾಕಿ, ಇಟ್ಟಿಗೆಯನ್ನು ಮತ್ತೆ ಹಸಿ ಮಣ್ಣಿನಿಂದ ಮೆತ್ತಿರಿ. ಅದಕ್ಕೆಂದೇ ಒಂದು ಬುಟ್ಟಿ ಕಲಸಿ ಒಣಗಿಸಿದ ಮಣ್ಣನ್ನು ಅಟ್ಟದ ಮೇಲೆ ಇಟ್ಟುಕೊಂಡಿರುವುದು ಒಳ್ಳೆಯದು.