ಮೈಲಾರದಲ್ಲಿ ಬೀಡು ಬಿಡುವ ಮಕ್ಕಳಿಗೆ

ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಈ ಸಲ ಹಿರಿಯರಿಲ್ಲದೆ ನೀವೇ ಹೊರಟಿದ್ದೀರಿ, ಸಂತೋಷ. ರಥಸಪ್ತಮಿಗೆ ಶುರುವಾಗುವ ಜಾತ್ರೆ ಭರತ ಹುಣ್ಣಿಮೆ ದಾಟಿ ಕಾರಣಿಕ ಎಂಬ ದೇವವಾಣಿಯವರೆಗೂ ನಡೆಯುತ್ತದೆ. ಒಂದು ರಾತ್ರಿಯಾದರೂ ಅಲ್ಲೇ ತಂಗಿರಿ.

• ಬಂಡಿಯಲ್ಲಿ ಹೋಗುವವರು ಮೊದಲು ಎತ್ತುಗಳ ಕೊಳ್ಳ ಬಿಚ್ಚಿ, ನೀರು ಕುಡಿಸಿ, ಮೇವು ಹಾಕಿ. ನಿಮ್ಮ ಬುತ್ತಿ ಆಮೇಲೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಎರಡು ದಿನ ಕೆಡುವುದಿಲ್ಲ. ಹಗಲು ಬಿಸಿಲಿದ್ದರೂ ಬೆಳಗಿನ ಜಾವ ಹೊಳೆಯ ಕಡೆಯಿಂದ ಚಳಿ ಬರುತ್ತದೆ, ಕಂಬಳಿ ಮರೆಯಬೇಡಿ.

• ತುಂಗಭದ್ರೆಯ ಸ್ನಾನ ಮುಗಿಸಿಯೇ ಗುಡಿಗೆ ಹೋಗುವುದು ರೂಢಿ. ಸೋಪು, ಶಾಂಪೂ ಹೊಳೆಗೆ ಒಯ್ಯಬೇಡಿ. ಜಪಾನಿನಲ್ಲಿ ಬಿಸಿನೀರಿನ ಬುಗ್ಗೆಗಳ ಹಳೆಯ ತಂಗುಮನೆಗಳಿವೆ. ಅಲ್ಲಿ ಹೊರಗೆ ಕೂತು ಮೈ ಉಜ್ಜಿ ತೊಳೆದುಕೊಂಡ ಮೇಲೆಯೇ ಎಲ್ಲರ ಕೊಳಕ್ಕೆ ಇಳಿಯುತ್ತಾರೆ; ಆ ನೀರಿಗೆ ಸೋಪಿನ ನೊರೆ ಬೀಳಗೊಡುವುದಿಲ್ಲ. ದೇವರ ಹೊಳೆ ಎನ್ನುವ ನಾವು ಅಷ್ಟನ್ನಾದರೂ ಮಾಡಬೇಕು. ಉಟ್ಟು ಬಿಟ್ಟ ಬಟ್ಟೆಯನ್ನು ನೀರಿಗೆ ಎಸೆಯಬೇಡಿ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ, ಮೊಣಕಾಲುದ್ದ ನೀರು ದಾಟಬೇಡಿ. ಹೆಣ್ಣುಮಕ್ಕಳು ಸ್ನಾನ ಮಾಡುವ ಕಡೆ ಫೋನ್ ಎತ್ತುವವರನ್ನು ಕಂಡರೆ ಸುಮ್ಮನಿರಬೇಡಿ, ಪೊಲೀಸರಿಗೆ ಹೇಳಿ.

• ದೇವರ ಸೇವೆಗೆ ನಿಂತ ಗೊರವಪ್ಪಗಳು ಕರಿ ಕಂಬಳಿ ಹೊದ್ದು, ಡಮರುಗ ಹಿಡಿದು ಬರುತ್ತಾರೆ. ಅವರ ದೋಣಿ, ಅಂದರೆ ಭಿಕ್ಷಾಪಾತ್ರೆ, ತುಂಬಿಸುವುದು ಸೇವೆ. ಹಾಲು, ಬಾಳೆಹಣ್ಣು, ತುಪ್ಪ ಏನಿದ್ದರೂ ಬಗ್ಗಿ ಹಾಕಿ. ಅವರನ್ನು ನಿಲ್ಲಿಸಿಕೊಂಡು ಸೆಲ್ಫಿಗೆ ಕಾಡಬೇಡಿ.

• ಭಂಡಾರದ ಅರಿಶಿನ ಪುಡಿ ಹಾರುವಾಗ ಕೂಸುಗಳ ಕಣ್ಣಿಗೆ ಸೆರಗು ಅಡ್ಡ ಹಿಡಿಯಿರಿ. ಕೂಸಿನ ಅಂಗಿ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇರಲಿ.

• ಹುಣ್ಣಿಮೆಯಾದ ಎರಡನೇ ದಿನ ಸಂಜೆ ಡೆಂಕನಮರಡಿಯಲ್ಲಿ ಕಾರಣಿಕ. 11 ದಿನ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲು ಏರಿ "ಸದ್ದಲೇ" ಎಂದೊಡನೆ ಲಕ್ಷ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಸಾಲು ನುಡಿದು ಅವರು ಹಿಂದಕ್ಕೆ ಬೀಳುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮಳೆ ಬೆಳೆ ಹೇಗಾದೀತೆಂದು ರೈತರು ಆ ಸಾಲಿನಲ್ಲೇ ಹುಡುಕುತ್ತಾರೆ. ಆ ಗಳಿಗೆಯಲ್ಲಿ ಫೋನ್ ಸದ್ದು ಮಾಡಿದರೆ ಪಕ್ಕದವರ ವರ್ಷದ ಕಾಯುವಿಕೆ ಹಾಳು. ಸ್ವಿಚ್ ಆಫ್ ಮಾಡಿಡಿ. ಮುಗಿದ ಕೂಡಲೇ ನುಗ್ಗಬೇಡಿ, ಅರ್ಧ ತಾಸು ಅಲ್ಲೇ ಕೂತು ಏಳಿ.

• ಬೀಡು ಕೀಳುವಾಗ ಒಲೆಗೆ ನೀರು ಸುರಿದು, ಪ್ಲಾಸ್ಟಿಕ್ ಎಲ್ಲವನ್ನೂ ಚೀಲಕ್ಕೆ ತುಂಬಿ ಬಂಡಿಗೆ ಹಾಕಿ. ನೀವು ಮಲಗೆದ್ದ ಹೊಲದಲ್ಲಿ ಮುಂದಿನ ಮುಂಗಾರಿಗೆ ಆ ರೈತ ಬಿತ್ತಬೇಕು. ದಯವಿಟ್ಟು ಅದನ್ನು ನೆನಪಿಡಿ.